ನಾಯಿಗೆ ತಿಂಗಳ ಬಾಕ್ಸ್: ಮನೆಯಿಂದಲೇ ಮಾಡಿ ಕಳಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿಗಳಿಗೆ ತಿಂಗಳ ಬಾಕ್ಸ್ (ತಿಂಗಳಿಗೊಮ್ಮೆ ತಿನಿಸು, ಆಟಿಕೆ ತುಂಬಿ ಮನೆಗೆ ಮುಟ್ಟಿಸುವ ಡಬ್ಬಿ) ಮಾಡಿ ಕೊಡುತ್ತೇನೆ ಅಂತ ಹೊರಟು ಮೂರನೇ ತಿಂಗಳಿಗೆ ಕೈಬಿಟ್ಟವರು ನನಗೇ ಐದಾರು ಮಂದಿ ಗೊತ್ತು. ಎಲ್ಲರೂ ಎಡವಿದ್ದು ಒಂದೇ ಜಾಗದಲ್ಲಿ. ಮೊದಲು ಚೆಂದದ ಡಬ್ಬಿ ತರುತ್ತಾರೆ. ಆಮೇಲೆ ರಿಬ್ಬನ್. ಆಮೇಲೆ ಡಬ್ಬಿ ತುಂಬಿಸಲು ಸಾಮಾನು. ನಾಯಿ ಯಾವುದು, ತೂಕ ಎಷ್ಟು, ಬಾಯಿ ಎಷ್ಟು ದೊಡ್ಡದು ಅನ್ನೋದು ಕೊನೆಗೆ ನೆನಪಾಗುತ್ತದೆ. ಈ ಕ್ರಮವನ್ನು ತಿರುವಿ ಹಾಕಿ. ನಾಯಿ ಮೊದಲು, ಡಬ್ಬಿ ಕೊನೆಗೆ.

ಕೆಳಗಿನದ್ದು ಹತ್ತಿಪ್ಪತ್ತು ಮನೆಗಳಿಗೆ ತಿಂಗಳಿಗೊಮ್ಮೆ ಕಳಿಸುವವರಿಗಾಗಿ ಬರೆದದ್ದು. ಗೆಳತಿಯ ನಾಯಿಯ ಹುಟ್ಟುಹಬ್ಬಕ್ಕೆ ಒಂದೇ ಒಂದು ಹ್ಯಾಂಪರ್ ಕೊಡುವವರೂ ಓದಬಹುದು, ದುಡ್ಡಿನ ಭಾಗ ಬಿಟ್ಟುಬಿಡಿ.

## ಕೈಯಲ್ಲಿ ಇರಬೇಕಾದ್ದು

ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆ ತಕ್ಕಡಿ. ದರ್ಜಿ ಟೇಪು. ನೂರು ಪುಟದ ನೋಟ್‌ಬುಕ್. ಗಾಳಿಯಾಡದ ಎರಡು ಸ್ಟೀಲ್ ಡಬ್ಬಿ. ಪ್ಯಾಕೆಟ್ ಸೀಲ್ ಮಾಡುವ ಸಣ್ಣ ಕೈಯಂತ್ರ. ಓವನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ದಾರಿ ಇದೆ. ಪ್ರಿಂಟರ್, ಲೋಗೋ, ಬಣ್ಣದ ಸ್ಟಿಕ್ಕರ್ ಇವೆಲ್ಲ ಆರು ತಿಂಗಳ ನಂತರದ ಮಾತು.

## ಹಂತ 1: ಒಂದು ನಾಯಿಗೆ ಒಂದು ಪುಟ

ದುಡ್ಡು ತೆಗೆದುಕೊಳ್ಳುವ ಮೊದಲು ಪುಟ ತುಂಬಿಸಿ. ತೂಕವನ್ನು ಬಾಯಿಮಾತಲ್ಲಿ ಕೇಳಿದರೆ ಎಲ್ಲರೂ ಸುಳ್ಳೇ ಹೇಳುತ್ತಾರೆ, ಬೇಕಂತಲೇ ಅಲ್ಲ. ಯಜಮಾನರು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ, ಆಮೇಲೆ ಒಬ್ಬರೇ ನಿಲ್ಲಲಿ. ಎರಡರ ವ್ಯತ್ಯಾಸವೇ ನಾಯಿಯ ತೂಕ. ಎತ್ತಲಾಗದಷ್ಟು ದೊಡ್ಡದಿದ್ದರೆ ಪಶುವೈದ್ಯರ ಹತ್ತಿರ ಕೊನೆಯ ಸಲ ಹೋದಾಗ ಬರೆದ ಚೀಟಿ ನೋಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

*ಶೇರು. ಜವಾರಿ, ಗಂಡು, 4 ವರ್ಷ. 16 ಕೆಜಿ. ಕುತ್ತಿಗೆ 38 ಸೆಂ.ಮೀ. ಹೊರಗೆ ಕೋಳಿ ತಿಂದರೆ ಕಿವಿ ಕೆರೆದುಕೊಳ್ಳುತ್ತದೆ. ಬಟ್ಟೆ ಹರಿದು ನುಂಗುವ ಚಟ. ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆ ನಡೆಯುತ್ತದೆ. ದಿನಾ ಸಂಜೆ ಅಜ್ಜ ಎರಡು ಬಿಸ್ಕಿಟ್ ಹಾಕುತ್ತಾರೆ.*

ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯ ಸಾಲು. ಅಜ್ಜನ ಬಿಸ್ಕಿಟ್ ಲೆಕ್ಕಕ್ಕೆ ಬರದಿದ್ದರೆ ನಿಮ್ಮ ಬಾಕ್ಸ್ ಆ ನಾಯಿಯನ್ನು ದಪ್ಪ ಮಾಡುತ್ತದೆ. "ಬ್ಯಾರೆ ಏನೂ ತಿನ್ನಂಗಿಲ್ರೀ" ಅಂತ ಹೇಳುವ ಮನೆಯಲ್ಲೇ ನಾಯಿ ಜಾಸ್ತಿ ದುಂಡಗಿರುತ್ತದೆ, ಗಮನಿಸಿ ನೋಡಿ.

ಮಾಂಸದ ಪ್ರಶ್ನೆ ಕೇಳಲು ಮುಜುಗರ ಬೇಡ. ನಾನು ಮುಜುಗರಪಟ್ಟು ಕೇಳದೇ ಬಿಟ್ಟೆ. ಶ್ರಾವಣ ಸೋಮವಾರ ಒಂದು ಮನೆಗೆ ಒಣಗಿಸಿದ ಕೋಳಿಪಟ್ಟಿ ಇದ್ದ ಬಾಕ್ಸ್ ಹೋಯಿತು. ಅದನ್ನು ಬಿಚ್ಚಿದ್ದು ದೇವರ ಕೋಣೆಯ ಎದುರಿಗೆ. "ಅಕ್ಕಾರ, ನಮ್ಮನ್ಯಾಗ ಇದು ನಡೆಯಂಗಿಲ್ರೀ" ಅಂತ ಮೆತ್ತಗೆ ಹೇಳಿ ವಾಪಸ್ ಕೊಟ್ಟರು. ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸಿತು. ಈಗ ಪುಟದ ತಲೆಯ ಮೇಲೇ ಮೂರು ಗುರುತು: ಮಾಂಸ ನಡೆಯುತ್ತದೆ, ಮೊಟ್ಟೆ ಮಾತ್ರ, ಎರಡೂ ಇಲ್ಲ.

ಮುಧೋಳ ನಾಯಿ ಇದ್ದವರಿಗೆ ಒಂದು ಮಾತು. ಅದರ ತಲೆ ಸಣ್ಣ, ಕುತ್ತಿಗೆ ಹೆಚ್ಚುಕಡಿಮೆ ತಲೆಯಷ್ಟೇ. ಮಾಮೂಲಿ ಕಾಲರ್ ಹಿಂದಕ್ಕೆ ಎಳೆದರೆ ಕಳಚಿ ಬರುತ್ತದೆ. ಕಾಲರ್ ಕೊಡುವುದಾದರೆ ಅಗಲವಾದದ್ದು, ಎಳೆದಾಗ ಸ್ವಲ್ಪ ಬಿಗಿಯಾಗುವಂಥದ್ದು ಕೊಡಿ. ಸಣಕಲಾಗಿರುವುದೇ ಆ ತಳಿಯ ಮೈಕಟ್ಟು. ಬಡಕಲು ಅಂತ ಕನಿಕರಪಟ್ಟು ತಿನಿಸು ಜಾಸ್ತಿ ಹಾಕಬೇಡಿ.

## ಹಂತ 2: ಹಾಕಬಾರದ್ದನ್ನು ಗೋಡೆಗೆ ಅಂಟಿಸಿ

ಏನು ಹಾಕಬೇಕು ಅನ್ನೋದಕ್ಕಿಂತ ಮುಂಚೆ ಈ ಪಟ್ಟಿ ಅಡುಗೆಮನೆ ಗೋಡೆಯ ಮೇಲೆ ಇರಲಿ.

- ಚಾಕೊಲೇಟ್, ಕೋಕೋ, ಕಾಫಿಪುಡಿ, ಚಹಾಪುಡಿ
- ದ್ರಾಕ್ಷಿ, ಒಣದ್ರಾಕ್ಷಿ
- ಉಳ್ಳಾಗಡ್ಡಿ, ಬೆಳ್ಳುಳ್ಳಿ (ಹಸಿ, ಬೇಯಿಸಿದ್ದು, ಪುಡಿ ಎಲ್ಲವೂ)
- ಜೈಲಿಟಾಲ್ ಎಂಬ ಸಕ್ಕರೆ ಬದಲಿ
- ಮಕಡೇಮಿಯಾ ಬೀಜ
- ಬೇಯಿಸಿದ ಎಲುಬು

ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬಹಳ ನಿಧಾನ ಹೊರಗೆ ಹೋಗುತ್ತದೆ. ಎದೆಬಡಿತ ಏರುತ್ತದೆ, ಹೆಚ್ಚಾದರೆ ಫಿಟ್ಸ್ ಬರುತ್ತದೆ. ದ್ರಾಕ್ಷಿ ಕಿಡ್ನಿಗೆ ಹೊಡೆತ. ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳಲಾಗದು. ಒಂದು ನಾಯಿ ಹಿಡಿಯಷ್ಟು ತಿಂದು ಸುಮ್ನೆ ಇರುತ್ತದೆ, ಇನ್ನೊಂದು ನಾಲ್ಕು ತಿಂದು ಮಲಗಿಬಿಡುತ್ತದೆ. ಉಳ್ಳಾಗಡ್ಡಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಲಕ್ಷಣ ಕಾಣಲು ಕೆಲವು ದಿನ ಹಿಡಿಯುವುದರಿಂದ ಯಾರೂ ಅದಕ್ಕೂ ಇದಕ್ಕೂ ತಾಳೆ ಹಾಕುವುದಿಲ್ಲ. ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ. ಕೆಲವು ಪೀನಟ್ ಬಟರ್ ಬಾಟಲಿಗಳಲ್ಲಿ ಇದು ಇರುತ್ತದೆ, ಹಿಂದಿನ ಚೀಟಿ ಓದದೇ ಕೊಳ್ಳಬೇಡಿ.

ಇದು ಪುಸ್ತಕದ ಪಟ್ಟಿ. ನಮ್ಮ ಕಡೆ ತಪ್ಪು ಆಗುವುದು ಬೇರೆ ಜಾಗದಲ್ಲಿ. ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾ ಚಟ್ನಿಪುಡಿಯಲ್ಲಿ, ಬೆಳ್ಳುಳ್ಳಿ ಇದೆ. ಗಿರಮಿಟ್ಟಿನಲ್ಲಿ ಉಳ್ಳಾಗಡ್ಡಿ ಇದೆ. ಧಾರವಾಡ ಪೇಡೆ ವಿಷವಲ್ಲ, ಆದರೆ ಪೂರಾ ಹಾಲು-ಸಕ್ಕರೆ, ಬಾಕ್ಸಿನಲ್ಲಿ ಅದಕ್ಕೆ ಜಾಗವಿಲ್ಲ. "ಲೋಕಲ್ ಟಚ್" ಅಂತ ಪೇಡೆ ಇಟ್ಟು ಕಳಿಸಿದವರನ್ನು ನೋಡಿದ್ದೇನೆ. ಪಂಚಮಿ ಟೈಮಲ್ಲಿ ಒಂದು ಮನೆಯವರು ಪ್ರೀತಿಯಿಂದ ಫೋಟೋ ಕಳಿಸಿದರು: ನಮ್ಮ ಬಾಕ್ಸ್, ಪಕ್ಕದಲ್ಲಿ ನಾಯಿ, ಅದರ ಮುಂದೆ ತಟ್ಟೆ ತುಂಬಾ ಉಂಡಿ. ಒಂದೊಂದು ಉಂಡಿಯ ನೆತ್ತಿ ಮೇಲೂ ಒಂದೊಂದು ಒಣದ್ರಾಕ್ಷಿ. ಫೋನ್ ಮಾಡಿ ತಟ್ಟೆ ತೆಗೆಸಿದೆ. ಅಂದಿನಿಂದ ಶ್ರಾವಣದ ಬಾಕ್ಸಿನಲ್ಲಿ ಉಂಡಿ ಬಗ್ಗೆ ಒಂದು ಚೀಟಿ ಕಡ್ಡಾಯ.

ಶೇಂಗಾ ಬಳಸುವುದಾದರೆ ಒಂದೊಂದಾಗಿ ಆರಿಸಿ. ಬೂಸು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ನಾಯಿಯ ಲಿವರ್ ಹಾಳು ಮಾಡುತ್ತದೆ. ಹುರಿದರೆ ಹೋಗುತ್ತದೆ ಅನ್ನೋದು ತಪ್ಪು. ನಾನಂತೂ ಮಳೆಗಾಲದಲ್ಲಿ ಶೇಂಗಾ ಮುಟ್ಟುವುದಿಲ್ಲ.

## ಹಂತ 3: ತಿನಿಸು ಎಷ್ಟು? ಇಲ್ಲಿ ಲೆಕ್ಕ ತಪ್ಪಬೇಡಿ

ದಿನದ ಒಟ್ಟು ಕ್ಯಾಲೊರಿಯಲ್ಲಿ ತಿನಿಸಿನ ಪಾಲು ಶೇಕಡಾ 10 ದಾಟಬಾರದು. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ ಇದು. ಸಾಧಾರಣ ಓಡಾಟದ 10 ಕೆಜಿ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು, ಹಾಗಾಗಿ ತಿನಿಸಿಗೆ 60. ಮನೆಯಲ್ಲಿ ಮಾಡಿದ ಒಣ ಜೋಳದ ಬಿಸ್ಕಿಟ್ ಒಂದು ಗ್ರಾಂಗೆ 4 ಕ್ಯಾಲೊರಿ ಅಂತ ಹಿಡಿಯಿರಿ. ದಿನಕ್ಕೆ 15 ಗ್ರಾಂ, ತಿಂಗಳಿಗೆ 450 ಗ್ರಾಂ ಆಯಿತು.

ಅಷ್ಟನ್ನೂ ತುಂಬಿಸಿ ಕಳಿಸಬೇಡಿ! ಅಜ್ಜನ ಬಿಸ್ಕಿಟ್ ಮರೆತಿರಾ? ಅರ್ಧ ಜಾಗ ಮನೆಯವರಿಗೆ ಬಿಡಿ. 10 ಕೆಜಿ ನಾಯಿಗೆ ನಾನು ಹಾಕುವುದು 225 ಗ್ರಾಂ. 4 ಕೆಜಿ ಪೊಮೇರಿಯನ್‌ಗೆ 110 ಗ್ರಾಂ. 30 ಕೆಜಿ ಲ್ಯಾಬ್ರಡಾರ್‌ಗೆ ಲೆಕ್ಕದ ಪ್ರಕಾರ 500 ಗ್ರಾಂ ಬರುತ್ತದೆ, ನಾನು 400ಕ್ಕೆ ನಿಲ್ಲಿಸುತ್ತೇನೆ. ಲ್ಯಾಬ್ ಬೇಗ ಮೈ ಬರುವ ಜಾತಿ. ಈಗಾಗಲೇ ದಪ್ಪ ಇದ್ದರೆ ಇರುವ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಿ.

110 ಗ್ರಾಂ ಪ್ಯಾಕೆಟ್ ನೋಡಿದರೆ ಗಿರಾಕಿಗೆ ಕಡಿಮೆ ಅನ್ನಿಸುತ್ತದೆ, ನಿಜ. ಅದಕ್ಕೇ ತುಂಡು ಸಣ್ಣದಾಗಿ ಕತ್ತರಿಸಿ. ನಾಯಿ ಎಷ್ಟು ಸಲ ಕೊಟ್ಟರು ಅಂತ ನೋಡುತ್ತದೆ, ಎಷ್ಟು ದೊಡ್ಡದು ಕೊಟ್ಟರು ಅಂತ ಅಲ್ಲ.

## ಹಂತ 4: ಮಾಡುವುದು ಸುಲಭ, ಒಣಗಿಸುವುದು ಕಷ್ಟ

ಜೋಳದ ಹಿಟ್ಟು 300 ಗ್ರಾಂ, ಬೇಯಿಸಿ ಹಿಸುಕಿದ ಗೆಣಸು 200 ಗ್ರಾಂ, ಒಂದು ಮೊಟ್ಟೆ. ಉಪ್ಪು, ಸಕ್ಕರೆ, ಬೆಲ್ಲ, ಎಣ್ಣೆ ಏನೂ ಬೇಡ. ಮೊಟ್ಟೆ ನಡೆಯದ ಮನೆಗೆ ಅದನ್ನು ಬಿಟ್ಟು ಗೆಣಸು ಸ್ವಲ್ಪ ಜಾಸ್ತಿ ಹಾಕಿ.

ಜೋಳದ ಹಿಟ್ಟಿಗೆ ಜಿಗುಟು ಇಲ್ಲ. ತಣ್ಣೀರಲ್ಲಿ ಕಲಸಿದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ರೊಟ್ಟಿಗೆ ಮಾಡುವ ಹಾಗೆ ಅರ್ಧ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ಮುಚ್ಚಿಡಿ. ಆರಿದ ಮೇಲೆ ಗೆಣಸು, ಉಳಿದ ಹಿಟ್ಟು, ಮೊಟ್ಟೆ ಸೇರಿಸಿ ನಾದಿ. ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ, ಎರಡು ಸೆಂಟಿಮೀಟರ್ ಚೌಕ ಕತ್ತರಿಸಿ. ಓವನ್ನಿನಲ್ಲಿ 150 ಡಿಗ್ರಿಗೆ 40 ನಿಮಿಷ. ತಿರುವಿ ಹಾಕಿ 100 ಡಿಗ್ರಿಗೆ ಇನ್ನೊಂದು ತಾಸು. ಆಮೇಲೆ ಓವನ್ ಆರಿಸಿ ರಾತ್ರಿಯಿಡೀ ಒಳಗೇ ಬಿಡಿ.

ಓವನ್ ಇಲ್ಲವೇ? ರೊಟ್ಟಿ ಮಾಡಿ ಮಾರುವ ಅಕ್ಕಂದಿರು ನಮ್ಮ ಊರಲ್ಲಿ ಓಣಿಗೊಬ್ಬರು. ಉಪ್ಪಿಲ್ಲದ ಕಡಕ್ ರೊಟ್ಟಿ ಹೇಳಿ ಮಾಡಿಸಿ, ಬೆರಳಗಲ ಚೂರು ಮಾಡಿ. ನಾಯಿಗೆ ಅದಕ್ಕಿಂತ ಒಳ್ಳೆಯ ಬಿಸ್ಕಿಟ್ ಬೇಕಿಲ್ಲ.

ಒಣಗಿತೋ ಇಲ್ಲವೋ ತಿಳಿಯಲು ಒಂದು ತುಂಡು ಮುರಿಯಿರಿ. ಟಕ್ ಅಂತ ಮುರಿಯಬೇಕು, ಒಳಗಿನ ಬಣ್ಣ ಹೊರಗಿನ ಹಾಗೇ ಇರಬೇಕು. ನಡುವೆ ಕಪ್ಪಗೆ, ಮೆತ್ತಗೆ ಕಂಡರೆ ಒಳಗೆ ನೀರಿದೆ, ವಾಪಸ್ ಓವನ್ನಿಗೆ. ಬಿಸಿ ಇರುವಾಗ ಪ್ಯಾಕ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಪ್ಯಾಕೆಟ್ ಒಳಗೆ ಬೆವರು ಕೂರುತ್ತದೆ, ಹತ್ತನೇ ದಿನಕ್ಕೆ ಬಿಳಿ ಬೂಸು.

ಜೂನ್‌ನಿಂದ ಸೆಪ್ಟೆಂಬರ್ ತನಕ ಧಾರವಾಡದ ಗಾಳಿಯಲ್ಲಿ ಬೆಳಗ್ಗೆ ಬಿಚ್ಚಿಟ್ಟ ಕಡಕ್ ರೊಟ್ಟಿ ಸಂಜೆಗೆ ಮೆತ್ತಗಾಗುತ್ತದೆ ಅಲ್ವಾ? ನಿಮ್ಮ ಬಿಸ್ಕಿಟ್‌ಗೂ ಅದೇ ಗತಿ. ಆ ತಿಂಗಳುಗಳಲ್ಲಿ ತಿನಿಸನ್ನು ಒಂದೇ ದೊಡ್ಡ ಪ್ಯಾಕೆಟ್ ಬದಲು ವಾರಕ್ಕೊಂದರಂತೆ ನಾಲ್ಕು ಸಣ್ಣ ಪ್ಯಾಕೆಟ್ ಮಾಡಿ.

ಪ್ರತಿ ಬಾರಿ ಮಾಡಿದ್ದರಲ್ಲಿ ಒಂದು ಪ್ಯಾಕೆಟ್ ನಿಮ್ಮ ಮನೆಯಲ್ಲೇ ಉಳಿಸಿಕೊಳ್ಳಿ. ನಾನು ಇದಕ್ಕೆ ಸಾಕ್ಷಿ ಪ್ಯಾಕೆಟ್ ಅನ್ನುತ್ತೇನೆ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಅದು ಕೆಟ್ಟಿತು ಅಂದರೆ ಗಿರಾಕಿ ಫೋನ್ ಮಾಡುವ ಮೊದಲೇ ನೀವು ಮಾಡಬಹುದು.

ತೇವ ಹೀರುವ ಪುಡಿಯ ಪುಟ್ಟ ಚೀಲ ಹಾಕುವ ಆಸೆಯಾಗುತ್ತದೆ. ಬೇಡ. ನಾಯಿ ಅದನ್ನೂ ನುಂಗುತ್ತದೆ. ಆಮ್ಲಜನಕ ಹೀರುವ ಚೀಲಗಳಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಹೊಟ್ಟೆಗೆ ಹೋದರೆ ವಿಷ.

## ಹಂತ 5: ಆಟಿಕೆ ಮತ್ತು ಜಗಿಯುವ ಸಾಮಾನು

ಬಾಯಿಗಿಂತ ದೊಡ್ಡದು. ಇಷ್ಟೇ ನಿಯಮ. ಆಟಿಕೆಯನ್ನು ಬಾಯಲ್ಲಿ ಹಿಡಿದಾಗ ಅದು ಕೋರೆಹಲ್ಲು ದಾಟಿ ಪೂರ್ತಿ ಒಳಗೆ ಹೋಗುವಂತಿದ್ದರೆ ಆ ನಾಯಿಗೆ ಅದು ಬೇಡ. ಟೆನಿಸ್ ಚೆಂಡು ಸುಮಾರು 6.7 ಸೆಂ.ಮೀ. ಇರುತ್ತದೆ. ಪೊಮೇರಿಯನ್‌ಗೆ ಅದು ದೊಡ್ಡದು, ದೊಡ್ಡ ಲ್ಯಾಬ್‌ಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆ. ಅದರ ಮೇಲಿನ ಒರಟು ಬಟ್ಟೆ ದಿನಾ ಜಗಿದರೆ ಹಲ್ಲನ್ನೂ ಸವೆಸುತ್ತದೆ.

ದುರ್ಗದಬೈಲಿನಲ್ಲಿ ಅಗ್ಗಕ್ಕೆ ಸಿಗುವ ಮಕ್ಕಳ ಗೊಂಬೆ ತಂದು ಹಾಕುವವರು ಇದ್ದಾರೆ. ಗುಂಡಿಯ ಕಣ್ಣು, ಅಂಟಿಸಿದ ಮೂಗು ಐದು ನಿಮಿಷದಲ್ಲಿ ಹೊಟ್ಟೆಯಲ್ಲಿರುತ್ತವೆ. ಹಗ್ಗದ ಆಟಿಕೆ ಆಡಲು ಚೆಂದ, ಆದರೆ ಎಳೆ ಬಿಚ್ಚಿದ ದಿನವೇ ಕಸಕ್ಕೆ ಹೋಗಬೇಕು. ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಎಳೆಯುತ್ತದೆ, ಕೊನೆಗೆ ಆಪರೇಷನ್ನೇ ಗತಿ. ಕಳಿಸುವ ಮೊದಲು ನೀವೇ ಎರಡೂ ಕೈಯಿಂದ ಜೋರಾಗಿ ಎಳೆದು ನೋಡಿ. ನಿಮ್ಮ ಕೈಗೆ ಕಿತ್ತು ಬಂದದ್ದು ನಾಯಿ ಹಲ್ಲಿಗೆ ನಿಲ್ಲುತ್ತದೆಯೇ?

ಜಗಿಯುವ ಸಾಮಾನಿಗೆ ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರು ಒತ್ತಿದರೆ ಸ್ವಲ್ಪವಾದರೂ ಗುರುತು ಮೂಡಬೇಕು. ಕಲ್ಲಿನ ಹಾಗಿದ್ದರೆ ದವಡೆಹಲ್ಲು ಸೀಳುತ್ತದೆ. ವಯಸ್ಸಾದ ನಾಯಿಗಳಿಗೆ ಇಂಥದ್ದೇನೂ ಬೇಡ.

ತಿಂಗಳಾ ಒಂದು ಆಟಿಕೆ ಕಳಿಸಿದರೆ ನಾಲ್ಕನೇ ತಿಂಗಳಿಗೆ ಮನೆ ಗೋದಾಮು. "ಸಾಕ್ರೀ, ಇಡಾಕ ಜಾಗ ಇಲ್ಲ" ಅನ್ನುವ ಫೋನ್ ಬರುವುದು ಆಗಲೇ. ಒಂದು ತಿಂಗಳು ಆಟಿಕೆ, ಮರುತಿಂಗಳು ಜಗಿಯುವುದು, ಮೂರನೇ ತಿಂಗಳು ಮನೆಗೆ ಉಪಯೋಗವಾಗುವುದು. ಮಳೆಗಾಲಕ್ಕೆ ಕಾಲೊರೆಸುವ ಟವೆಲ್, ಬೇಸಿಗೆಗೆ ಉಣ್ಣಿ ತೆಗೆಯುವ ಚಿಮಟ. ಉಣ್ಣಿ ಔಷಧ ಮಾತ್ರ ಬಾಕ್ಸಿಗೆ ಹಾಕಲೇಬೇಡಿ. ಅದು ತೂಕ ನೋಡಿ ವೈದ್ಯರು ಕೊಡುವುದು. ನಾಯಿಗೆ ಹಾಕುವ ಕೆಲವು ಔಷಧ ಅದೇ ಮನೆಯ ಬೆಕ್ಕಿನ ಜೀವ ತೆಗೆಯುತ್ತದೆ.

## ಹಂತ 6: ಖಣ ಮತ್ತು ಕೌದಿ

ನಮ್ಮ ಬಾಕ್ಸು ಊರಿನದ್ದು ಅಂತ ಅನ್ನಿಸುವುದು ಇಲ್ಲಿ. ಗುಳೇದಗುಡ್ಡ ಖಣದ ತುಂಡಿನಿಂದ ಕೊರಳಪಟ್ಟಿ ಹೊಲಿಸಿ. ಒಳಬದಿಗೆ ಮೆತ್ತನೆ ಹತ್ತಿ ಬಟ್ಟೆ ಇರಲಿ, ಖಣದ ಅಂಚು ಕುತ್ತಿಗೆಗೆ ಚುಚ್ಚಬಾರದು. ಗಂಟು ಕಟ್ಟುವುದಕ್ಕಿಂತ ಒತ್ತುಗುಂಡಿ ಮೇಲು, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುತ್ತದೆ. ಕಟ್ಟಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು.

ಹಳೇ ಹತ್ತಿ ಸೀರೆಯ ಸಣ್ಣ ಕೌದಿ ಹಾಸಿಗೆಗೆ ಬಹಳ ಚೆನ್ನ. ಹೊಲಿದ ಮೇಲೆ ಒಮ್ಮೆ ಒಗೆದು, ಬಿಸಿಲಲ್ಲಿ ಒಣಗಿಸಿ, ಸೂಜಿ ಉಳಿದಿದೆಯೇ ಅಂತ ಅಂಗೈಯಿಂದ ಪೂರ್ತಿ ಸವರಿ ನೋಡಿ. ಶೇರುವಿನಂಥ ಬಟ್ಟೆ ನುಂಗುವ ನಾಯಿಗೆ ಕೌದಿ ಇಲ್ಲ, ಖಣವೂ ಇಲ್ಲ. ಪುಟ ನೋಡಿಯೇ ಪ್ಯಾಕ್ ಮಾಡಬೇಕಾದ್ದು ಇದಕ್ಕೇ.

## ಹಂತ 7: ಈಗ ಡಬ್ಬಿ

ಸಾಮಾನೆಲ್ಲ ಮೇಜಿನ ಮೇಲೆ ಒತ್ತಾಗಿ ಜೋಡಿಸಿ, ಅದರ ಅಳತೆಗೆ ಡಬ್ಬಿ ತನ್ನಿ. ಕೊರಿಯರ್‌ನವರು ಅನೇಕರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 30, 25, 12ರ ಡಬ್ಬಿ ಖಾಲಿ ಇದ್ದರೂ 1.8 ಕೆಜಿ ಅಂತ ಲೆಕ್ಕ. ಒಳಗಿರುವುದು 700 ಗ್ರಾಂ, ದುಡ್ಡು ಕೊಡುವುದು ಗಾಳಿಗೆ.

ರಿಬ್ಬನ್, ಸ್ಟೇಪಲ್ ಪಿನ್, ಥರ್ಮಾಕೋಲ್, ಮಿನುಗುವ ಪುಡಿ ಒಂದೂ ಬೇಡ. ಡಬ್ಬಿ ಬಿಚ್ಚುವುದು ಮನುಷ್ಯರು ಅಂದುಕೊಂಡಿರುತ್ತೇವೆ, ಮೊದಲು ಬಾಯಿ ಹಾಕುವುದು ನಾಯಿ. ಶಾಂಪೂ ಇಟ್ಟರೆ ಬೇರೆ ಕವರ್ ಒಳಗೆ ಸೀಲ್ ಮಾಡಿ, ಇಲ್ಲದಿದ್ದರೆ ಬಿಸ್ಕಿಟ್‌ಗೆಲ್ಲ ಅದರ ವಾಸನೆ ಹತ್ತುತ್ತದೆ.

ಪ್ಯಾಕೆಟ್ ಮೇಲಿನ ಚೀಟಿಯಲ್ಲಿ ಏನೇನು ಹಾಕಿದ್ದೀರಿ, ನಿವ್ವಳ ತೂಕ, ಮಾಡಿದ ತಿಂಗಳು-ವರ್ಷ, ತೆರಿಗೆ ಸೇರಿಸಿ ಗರಿಷ್ಠ ಬೆಲೆ, ನಿಮ್ಮ ಹೆಸರು, ವಿಳಾಸ, ದೂರು ಹೇಳಲು ಫೋನ್ ನಂಬರ್ ಇರಲಿ. ಪ್ಯಾಕ್ ಮಾಡಿ ಮಾರುವ ಸಾಮಾನಿಗೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಇಂಥ ವಿವರಗಳನ್ನು ಕೇಳುತ್ತವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಅಚ್ಚು ಹಾಕಿಸಬೇಡಿ, 2006ರ ಆಹಾರ ಸುರಕ್ಷತಾ ಕಾಯ್ದೆ ಮನುಷ್ಯರ ಆಹಾರಕ್ಕೆ. ಇದರ ಜೊತೆ ನಾನು ಕೈಯಲ್ಲೇ ಒಂದು ಸಾಲು ಬರೆಯುತ್ತೇನೆ: "ಶೇರುಗೆ ದಿನಕ್ಕೆ 4 ತುಂಡು, ಅಜ್ಜನ ಬಿಸ್ಕಿಟ್ ಬಿಟ್ಟು."

## ಹಂತ 8: ದುಡ್ಡು ಮತ್ತು ತಾರೀಖು

ಉದಾಹರಣೆಗೆ ಹೀಗೆ ಹಿಡಿಯಿರಿ. ತಿನಿಸು 150 ರೂ., ಆಟಿಕೆ ಅಥವಾ ಬಟ್ಟೆ 170, ಡಬ್ಬಿ-ಕವರ್-ಚೀಟಿ 50, ಮುಟ್ಟಿಸುವ ಖರ್ಚು 50. ಒಟ್ಟು 420. ಒಡೆದದ್ದು, ಕೆಟ್ಟದ್ದು, ವಾಪಸ್ ಬಂದದ್ದಕ್ಕೆ 40 ಸೇರಿಸಿ. 499ಕ್ಕೆ ಮಾರಿದರೆ ನಿಮ್ಮ ದುಡಿಮೆಗೆ ಬಾಕ್ಸಿಗೆ 39 ರೂಪಾಯಿ. ಹೊಸಬರು ಮರೆಯುವುದು ಈ ಕೊನೆಯ ಸಾಲನ್ನೇ.

ಮೂರು ತಿಂಗಳದ್ದು ಮುಂಗಡ ತೆಗೆದುಕೊಳ್ಳಿ, ಆದರೆ ಒಂದು ತಿಂಗಳು ಬೇಡ ಅಂದರೆ ಮುಂದಕ್ಕೆ ಹಾಕುವ ಅವಕಾಶ ಇರಲಿ. ಬೇಸಿಗೆ ರಜೆಗೆ ಊರಿಗೆ ಹೋದವರ ಬಾಗಿಲಿಗೆ ಬಾಕ್ಸ್ ಇಟ್ಟು ಬಂದರೆ ಇರುವೆಗಳಿಗೆ ಹಬ್ಬ. 20ನೇ ತಾರೀಖಿಗೆ ಆರ್ಡರ್ ಬಂದ್, 24ರೊಳಗೆ ಸಾಮಾನು, 25-26ಕ್ಕೆ ತಿನಿಸು, 27ಕ್ಕೆ ಪ್ಯಾಕಿಂಗ್. 21ಕ್ಕೆ ಬಂದವರಿಗೆ ಮುಂದಿನ ತಿಂಗಳು, ಸೋದರಮಾವನೇ ಆದರೂ ಸರಿ.

ಜಿಎಸ್‌ಟಿ ವಿಷಯದಲ್ಲಿ ಎರಡು ತಿಳಿದಿರಲಿ. ರಾಜ್ಯದೊಳಗೆ ಸಾಮಾನು ಮಾರುವ ಸಣ್ಣ ವ್ಯಾಪಾರಕ್ಕೆ ಒಂದು ವಹಿವಾಟಿನ ಮಿತಿಯ ತನಕ ನೋಂದಣಿ ಬೇಕಿಲ್ಲ, ಆದರೆ ಬೆಳಗಾವಿ ದಾಟಿ ಕೊಲ್ಹಾಪುರಕ್ಕೆ ಮಾರಿದರೆ ನೋಂದಣಿಯ ಪ್ರಶ್ನೆ ಬರುತ್ತದೆ. ಬೇರೆ ಬೇರೆ ದರದ ಸಾಮಾನು ಸೇರಿಸಿ ಒಂದೇ ಬೆಲೆಗೆ ಮಾರಿದಾಗ ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ದರವೇ ಇಡೀ ಬಾಕ್ಸಿಗೆ ಬೀಳಬಹುದು. ಊರು ಬಿಟ್ಟು ಮಾರುವ ಮೊದಲು ತೆರಿಗೆ ಸಲಹೆಗಾರರ ಹತ್ತಿರ ಹೋಗಿ ಬನ್ನಿ.

## ಹಂತ 9: ಮುಟ್ಟಿಸುವುದು

ಹುಬ್ಬಳ್ಳಿ, ಧಾರವಾಡ ಎರಡನ್ನೂ ಒಂದೇ ದಿನ ಸುತ್ತಬೇಡಿ. ಒಂದು ದಿನ ಕೇಶ್ವಾಪುರ, ವಿದ್ಯಾನಗರ, ಗೋಕುಲ ರೋಡ್, ಉಣಕಲ್. ಇನ್ನೊಂದು ದಿನ ನವನಗರದಿಂದ ಶುರು ಮಾಡಿ ಮಾಳಮಡ್ಡಿ, ಸಪ್ತಾಪುರ, ಕೆಲಗೇರಿ. ಏಪ್ರಿಲ್-ಮೇ ಆದರೆ ಬೆಳಗ್ಗೆ ಹತ್ತರೊಳಗೆ ಮುಗಿಸಿ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಕೋಳಿಪಟ್ಟಿಯ ಕೊಬ್ಬು ಕಮಟು ಹಿಡಿಯುತ್ತದೆ. ಗದಗ, ಹಾವೇರಿಗೆ ಬಸ್ ಪಾರ್ಸೆಲ್ ಸಾಕು, ತೆಗೆದುಕೊಳ್ಳುವವರಿಗೆ ಬಸ್ಸು ಹೊರಟ ಕೂಡಲೇ ಹೇಳಿ.

## ಹಂತ 10: ಮೂರನೇ ದಿನದ ಫೋನ್

ಬಾಕ್ಸ್ ಮುಟ್ಟಿದ ಮೂರನೇ ದಿನ ಫೋನ್ ಮಾಡಿ. "ಇಷ್ಟ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಕಕ್ಕಸು ಹೆಂಗೈತ್ರೀ?" ಅಂತ ಕೇಳಿ. ಮೊದಲ ಸಲ ನಗುತ್ತಾರೆ, ಎರಡನೇ ಸಲ ತಾವೇ ಹೇಳುತ್ತಾರೆ. ಸ್ವಲ್ಪ ತೆಳುವಾಗಿದ್ದು ನಾಯಿ ಲವಲವಿಕೆಯಿಂದ ಇದ್ದರೆ ಹೊಸ ತಿನಿಸು ನಿಲ್ಲಿಸಲು ಹೇಳಿ, ಮರುದಿನ ಮತ್ತೆ ವಿಚಾರಿಸಿ.

ಮೇಲಿಂದ ಮೇಲೆ ವಾಂತಿ, ಊಟ ಬಿಟ್ಟಿರುವುದು, ಕಕ್ಕಸು ಪೂರ್ತಿ ನಿಂತಿರುವುದು, ಹೊಟ್ಟೆ ಬಿಗಿದುಕೊಂಡಿರುವುದು, ಬಾಯಿಂದ ಜೊಲ್ಲು ಸುರಿಸುತ್ತಾ ಗಂಟಲು ಕೆರೆಯುವುದು, ಒಸಡು ಬಿಳಚಿಕೊಂಡಿರುವುದು. ಇವುಗಳಲ್ಲಿ ಒಂದು ಕೇಳಿದರೂ ಮನೆಮದ್ದು ಹೇಳಬೇಡಿ, ನೇರ ಪಶುವೈದ್ಯರ ಹತ್ತಿರ ಕಳಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯ. ತಿಂದದ್ದರ ಕವರ್, ಹರಿದ ಆಟಿಕೆಯ ಉಳಿದ ಚೂರು ಎಲ್ಲಾ ಜೊತೆಗೆ ಒಯ್ಯಲಿ, ಎಷ್ಟು ಚೂರು ಕಾಣೆಯಾಗಿದೆ ಅಂತ ವೈದ್ಯರಿಗೆ ತಿಳಿಯಬೇಕು. ನಿಮ್ಮ ಸಾಕ್ಷಿ ಪ್ಯಾಕೆಟ್ಟನ್ನೂ ಆಗ ತೆಗೆದು ನೋಡಿ. ಅದರಲ್ಲಿ ತಪ್ಪು ಕಂಡರೆ ಅದೇ ತಾಸಿನಲ್ಲಿ ಉಳಿದ ಮನೆಗಳಿಗೂ ಫೋನ್ ಮಾಡಿ ತಿನಿಸು ನಿಲ್ಲಿಸಿ, ಮಾತಾಡಿದ್ದನ್ನು ಆಯಾ ನಾಯಿಯ ಪುಟದಲ್ಲಿ ತಾರೀಖು ಹಾಕಿ ಬರೆದಿಡಿ.